ಕಿಕ್ಕೇರಿಗೆ ಹೋದ ಪರಮಪ್ರಸಾದ

ಪರಮಪ್ರಸಾದದ ಸಾಲಿನಲ್ಲಿ ತನಗಿಂತ ಇಬ್ಬರ ಮುಂದೆ ನಿಂತವಳು ಯಾರೆಂದು ಗುರುತಾದಾಗ ಆರೋಗ್ಯಮೇರಿ ಕತ್ತು ಚಾಚಿ ಇನ್ನೊಮ್ಮೆ ನೋಡಿದಳು. ಹರ್ಷಿತ! ಅವಳದೇ ಕೋಣೆಯ, ಕಿಕ್ಕೇರಿಯ ಅಕ್ಕಸಾಲಿಗರ ಹುಡುಗಿ. ಶ್ರೀರಂಗಪಟ್ಟಣದ ಆ ಕನ್ಯಾಸ್ತ್ರೀಯರ ಟಿ.ಸಿ.ಎಚ್. ಕಾಲೇಜಿನಲ್ಲಿ ಭಾನುವಾರದ ಪೂಜೆಗೆ ಯಾರು ಬೇಕಾದರೂ ಬಂದು ಕೂರಬಹುದಿತ್ತು. ಆದರೆ ಸಾಲಿಗೆ ಸೇರುವವರು ಜ್ಞಾನಸ್ನಾನವಾದ ಕ್ರೈಸ್ತರು ಮಾತ್ರ. ಹಾಸ್ಟೆಲಿನ ಅರವತ್ತು ಹುಡುಗಿಯರಲ್ಲಿ ಎಂಟೇ ಮಂದಿ.

“ಕ್ರಿಸ್ತನ ಶರೀರ” ಎಂದರು ಫಾದರ್, ಗೋಧಿಯ ತೆಳು ಬಿಲ್ಲೆಯನ್ನು ಎತ್ತಿ ಹಿಡಿದು. ವಾರಕ್ಕೊಮ್ಮೆ ಬರುವ ಅವರಿಗೆ ಹುಡುಗಿಯರ ಮುಖ ಗೊತ್ತಿರಲಿಲ್ಲ. ಹರ್ಷಿತ “ಆಮೆನ್” ಎಂದು ಅಂಗೈ ಚಾಚಿದಳು, ಪಕ್ಕಕ್ಕೆ ಸರಿದು ಬಾಯಿಗೆ ಹಾಕಿಕೊಂಡಂತೆ ಮಾಡಿದಳು, ಕೈಯನ್ನು ಸೆರಗಿನ ಮರೆಗೆ ಇಳಿಸಿದಳು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಆರೋಗ್ಯ ಕೇಳಿದಳು. “ಏನೇ ಮಾಡ್ದೆ ನೀನು? ಎಲ್ಲದೆ ಅದು?”

ಒಡವೆ ಸುತ್ತುವ ಗುಲಾಬಿ ಕಾಗದದ ಪೊಟ್ಟಣವೊಂದನ್ನು ಹರ್ಷಿತ ಬಿಚ್ಚಿ ತೋರಿಸಿದಳು. ಒಳಗೆ ಬೆಳ್ಳಗೆ, ದುಂಡಗೆ, ಅದು.

“ಅವ್ವುಂಗೆ ಕಣೆ. ಮೈಸೂರ್ ಆಸ್ಪತ್ರೆಯೋರು ಮನೇಗೆ ಕರ್ಕೊಂಡೋಗಿ ಅಂದ್ಬುಟ್ರು. ಯೋಳು ದಿನದಿಂದ ಗಂಜಿ ನೀರು ಬುಟ್ರೆ ಏನೂ ಮುಟ್ಟಿಲ್ಲ. ನೀನೇ ತಾನೆ ಅಂದಿದ್ದು, ಅದ್ರಲ್ಲಿ ದೇವ್ರೇ ಅವ್ನೆ ಅಂತ?”

“ಅಂದಿದ್ದೆ…”

“ಅಂಗಾರೆ ಅದು ನಿಜ ಅಲ್ವಾ?”

ನಿಜವಾಗಿತ್ತು, ಅದೇ ತೊಂದರೆ. ಬೆಳಗೊಳದ ಮನೆಯಲ್ಲಿ ಏಳನೆಯ ವಯಸ್ಸಿಗೇ ಧರ್ಮೋಪದೇಶವನ್ನು ಬಾಯಿಪಾಠ ಮಾಡಿದ್ದ ಆರೋಗ್ಯಳನ್ನು ಇಲ್ಲಿಯವರೆಗೆ ಯಾರೂ ಹೀಗೆ ಕೇಳಿರಲಿಲ್ಲ. ನಿಜವಲ್ಲ ಎಂದರೆ ತನ್ನದೇನೂ ಉಳಿಯುವುದಿಲ್ಲ. ನಿಜ ಎಂದರೆ, ಸಾಯುವ ಹೆಂಗಸಿಗೆ ಯಾಕೆ ಕೊಡಬಾರದು? ಕೊಡಬಾರದು ಎಂಬುದಂತೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಇಸಿದುಕೊಂಡು ಫಾದರಿಗೆ ಒಪ್ಪಿಸಬೇಕು. ಕೈ ನೀಡಿದಳು. ಹರ್ಷಿತ ಪೊಟ್ಟಣ ಮಡಿಚಿ ಟ್ರಂಕಿನೊಳಗಿಟ್ಟು ಬೀಗ ಹಾಕಿದಳು.

ಮಾರನೆಯ ದಿನ ಪ್ರಾಂಶುಪಾಲೆ ಸಿಸ್ಟರ್ ಬೆನೆಡಿಕ್ಟ ಎಂಟೂ ಜನರನ್ನು ಕರೆಸಿದರು. ಮಂಗಳೂರಿನ ಕಡೆಯವರು, ಬಿಗಿಯಾದ ಮಾತು.

“ನಿನ್ನೆ ಸಾಲಿನಲ್ಲಿ ಒಂಬತ್ತು ಜನ ಇದ್ದರಂತೆ. ಯಾರೆಂದು ಗೊತ್ತಾದರೆ ಅವಳನ್ನು ಹಾಸ್ಟೆಲಿನಲ್ಲಿ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಆರೋಗ್ಯ, ನೀನು ಕಥೋಲಿಕ ಹುಡುಗಿ. ನೋಡಿದೆಯಾ?”

“ಇಲ್ಲ ಸಿಸ್ಟರ್.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಹೆದರಿಕೆಯಾಯಿತು. ಆ ವಾರವೆಲ್ಲ ಜಪಸರ ಹಿಡಿದರೆ ಎಣಿಕೆ ತಪ್ಪುತ್ತಿತ್ತು. ಟ್ರಂಕಿನ ಮುಂದೆ ಹಾದುಹೋಗುವಾಗ, ಚರ್ಚಿನಲ್ಲಿ ಪರಮಪ್ರಸಾದದ ಮುಂದೆ ಮಾಡುವಂತೆ ಮಂಡಿ ಬಗ್ಗಿಸಬೇಕೋ ಬೇಡವೋ ತಿಳಿಯದೆ ಅರ್ಧ ಬಗ್ಗಿ ನಿಲ್ಲುತ್ತಿದ್ದಳು.

ಹಾಸ್ಟೆಲಿನಿಂದ ಊರಿಗೆ ಬಿಡುತ್ತಿದ್ದುದು ಶನಿವಾರ ಮಾತ್ರ. ಅಂದು ಬೆಳಗಿನ ತರಗತಿ ಮುಗಿದದ್ದೇ ಹರ್ಷಿತ ಊರಿಗೆ ಹೊರಟಳು. ಆರೋಗ್ಯ ತಾನೂ ರಜೆ ಚೀಟಿ ಬರೆಸಿಕೊಂಡಳು. ದಾರಿಯಲ್ಲಿ ಬುದ್ಧಿ ಹೇಳಿ ವಾಪಸು ಪಡೆಯಲೋ, ಒಂದು ಚೂರೂ ನೆಲಕ್ಕೆ ಬಿದ್ದು ಅಪಚಾರವಾಗದಂತೆ ಪೊಟ್ಟಣವನ್ನು ಕಾಯಲೋ, ಅವಳಿಗೂ ಸ್ಪಷ್ಟವಿರಲಿಲ್ಲ. ಪಾಂಡವಪುರದಲ್ಲಿ ಬಸ್ಸು ತುಂಬಿತು. ಕಂಡಕ್ಟರು ಪೊಟ್ಟಣವಿದ್ದ ಹರ್ಷಿತಳ ಚೀಲ ಎತ್ತಿ ಮೇಲಕ್ಕೆಸೆಯಲು ಹೋದಾಗ ಆರೋಗ್ಯ, “ಅಯ್ಯೋ, ಬ್ಯಾಡಿ!” ಎಂದು ಕಿರುಚಿ ಅದನ್ನು ಮಡಿಲಿಗೆಳೆದುಕೊಂಡಳು. ಚಿನಕುರಳಿ ದಾಟಿ ಕೆ.ಆರ್. ಪೇಟೆ ಬಂದರೂ ಬುದ್ಧಿಮಾತು ಬಾಯಿಗೆ ಬರಲಿಲ್ಲ.

ಕಿಕ್ಕೇರಿಯ ಮನೆಯಲ್ಲಿ ಹರ್ಷಿತಳ ಅಪ್ಪ ಮೌನೇಶ್ ಕುಲುಮೆ ಆರಿಸಿ ಬಾಗಿಲಲ್ಲೇ ಕೂತಿದ್ದ. ಒಳಗೆ ಕಂಬಳಿ ಹೊದ್ದು ಮಲಗಿದ್ದ ದೊಡ್ಡತಾಯಮ್ಮ ಮಗಳ ದನಿಗೆ ಕಣ್ಣು ತೆರೆದಳು. ಹರ್ಷಿತ ತಾಯಿಯನ್ನು ಗೋಡೆಗೆ ಒರಗಿಸಿ ಪೊಟ್ಟಣ ಬಿಚ್ಚಿದಳು. ಆಮೇಲೆ ಆರೋಗ್ಯಳತ್ತ ತಿರುಗಿದಳು.

“ನೀನೇ ಕೊಡೆ. ನಿಂಗೆ ಗೊತ್ತದೆ.”

ಈಗ ಅದು ಆರೋಗ್ಯಳ ಅಂಗೈಯಲ್ಲಿತ್ತು. ಮುಷ್ಟಿ ಮುಚ್ಚಿ ಎದ್ದು ಹೋಗಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಇನ್ನೊಬ್ಬರಿಗೆ ಅವಳು ಎಂದೂ ಕೊಟ್ಟವಳಲ್ಲ. ಏನು ಹೇಳಿ ಕೊಡಬೇಕು?

“ತಗೊಳ್ಳವ್ವ” ಎಂದಳು ಕಡೆಗೆ.

“ಯಾವ್ ದೇವ್ರುದು ಮಗ?”

“ನಮ್ದು… ಯೇಸುಸ್ವಾಮೀದು.”

“ಆಗ್ಲಿ, ಕೊಡವ್ವ.”

ದೊಡ್ಡತಾಯಮ್ಮ ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ಬತ್ತಿದ ಬೆರಳುಗಳಲ್ಲಿ ಹಿಡಿದು ಲಟಕ್ಕನೆ ಮುರಿದು, ಒಂದು ಪಾಲನ್ನು ಆರೋಗ್ಯಳ ಕಡೆ ಚಾಚಿದಳು.

“ತಗೊ. ಪರ್ಸಾದವ ಒಬ್ರೇ ತಿನ್ಬಾರ್ದು ಕಣವ್ವ. ಅಷ್ಟು ದೂರದಿಂದ ಹೊತ್ಕಂಡು ಬಂದಿದ್ದೀಯ.”

ಸುಳ್ಳು ಹೇಳಿದ ಬಾಯಿ. ಫಾದರ ಮುಂದೆ ಪಾಪನಿವೇದನೆ ಆಗಿಲ್ಲ. ಅದಾಗದೆ ಪ್ರಸಾದ ಮುಟ್ಟುವ ಹಾಗಿಲ್ಲ. ಇದನ್ನು ಈ ತಾಯಿಗೆ ಯಾವ ಮಾತಿನಲ್ಲಿ ತಿಳಿಸುವುದು? ಚಾಚಿದ ಕೈ ಸೋತು ಇಳಿಯುವುದರಲ್ಲಿತ್ತು. ಆರೋಗ್ಯ ತೆಗೆದುಕೊಂಡಳು. ನಾಲಿಗೆಯ ಮೇಲೆ ಅದು ಎಂದಿನಂತೆಯೇ ಕರಗಿತು.

ದೊಡ್ಡತಾಯಮ್ಮ ತನ್ನ ಪಾಲನ್ನು ನಿಧಾನವಾಗಿ ನುಂಗಿದಳು. ಬಳಿಕ ತೋರುಬೆರಳನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಂಡು, ಕಂಬಳಿಯ ಮೇಲೆ ಉದುರಿದ್ದ ಬಿಳಿಯ ಚೂರುಗಳನ್ನು ಒಂದೊಂದಾಗಿ ಒತ್ತಿ ಎತ್ತತೊಡಗಿದಳು.