ಇಲ್ಲೇ ಪಕ್ಕದಲ್ಲಿ

ನಮ್ಮ ಬಡಾವಣೆಯ ಕ್ರೀಡಾ ಸಂಕೀರ್ಣಕ್ಕೆ ಸಂಘದ ಅಧ್ಯಕ್ಷರು ಗೊತ್ತು ಮಾಡಿದ ಜಾಗ ಊರಾಚೆ, ಕಲ್ಲು ಕ್ವಾರಿಯ ಹಿಂದೆ. ನಾನು ಓಟದ ಕೋಚ್, ಸಭೆಯಲ್ಲಿ ಸುಮ್ಮನಿರಲಾಗಲಿಲ್ಲ.

“ಅಲ್ಲಿಗೆ ಬಸ್ಸೇ ಇಲ್ಲ. ನನ್ನ ಹುಡುಗೀರು ಹೇಗೆ ಹೋಗ್ಬೇಕು ಸಾರ್?”

“ಇಲ್ಲೇ ಪಕ್ಕದಲ್ಲಿದೆಯಮ್ಮಾ,” ಎಂದು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. “ಇಲ್ಲೇ ಅಂದ್ರೆ ಎಲ್ಲಿ ಸಾರ್? ಏಳಿ, ನಡ್ಕೊಂಡೇ ನೋಡ್ಕೊಂಡು ಬರೋಣ!”

ಸಭೆಯೆದುರು ಆಗಲ್ಲ ಎನ್ನಲಾಗದೆ ಹೊರಟರು. ಕ್ವಾರಿ ಕಾಣುವ ಮೊದಲೇ ಬೂಟು ಕಚ್ಚಿ, ರಸ್ತೆಬದಿಯ ಕಲ್ಲಿನ ಮೇಲೆ ಕುಸಿದು ತಮ್ಮ ಕಾರಿನ ಡ್ರೈವರಿಗೆ ಫೋನು ಮಾಡಿದರು.

“ಎಲ್ಲಿದ್ದೀಯೋ?”

“ಇಲ್ಲೇ ಪಕ್ಕದಲ್ಲಿದೀನಿ ಸಾರ್,” ಎಂದಿತು ಸ್ಪೀಕರು.

ಬಿಸಿಲಲ್ಲಿ ಕಾದೂ ಕಾದೂ ರೇಗಿಹೋದ ಅಧ್ಯಕ್ಷರು ಮತ್ತೆ ಫೋನು ಮಾಡಿ ಅರಚಿದರು: “ಇಲ್ಲೇ ಅಂದ್ರೆ ಎಲ್ಲೋ?”

“ನಾನು ಕೇಳಿದ್ದೂ ಅದನ್ನೇ!” ಎಂದು ನಾನೂ ಅರಚಿದೆ.