ಬಾವಿ ಓಣಿಯ ಮಾಳಿಗೆಗಳು

ಬೈಲಹೊಂಗಲದ ಬಾವಿ ಓಣಿಯನ್ನು ಅಳೆಯುವ ಕೆಲಸ ಸಂಘಮಿತ್ರಾಳ ಪಾಲಿಗೆ ಬಂದಾಗ ಚಳಿ ಹಿಂದೆಗೆಯುತ್ತಿತ್ತು. ಹಳೇ ಓಣಿಗಳ ಚಹರೆ ಕೆಡಬಾರದೆಂದು ಪುರಸಭೆಯ ಕಚೇರಿಯಲ್ಲಿ ಹೊಸ ನಿಯಮ ತಯಾರಾಗುತ್ತಿತ್ತು. ಇದ್ದ ಎತ್ತರಕ್ಕಿಂತ ಮೇಲೆ ಕಟ್ಟುವಂತಿಲ್ಲ, ಮನೆಮುಂದಿನ ಕಟ್ಟೆ ಒಡೆಯುವಂತಿಲ್ಲ, ಮಣ್ಣಿನ ಮಾಳಿಗೆ ಸೋರಿದರೆ ಮಣ್ಣಿನಿಂದಲೇ ದುರಸ್ತಿ ಮಾಡಬೇಕು. ಈ ನಿಯಮ ಎಲ್ಲಿಂದ ಎಲ್ಲಿಯವರೆಗೆ ಎಂಬ ಗೆರೆಯನ್ನು ನಕ್ಷೆಯ ಮೇಲೆ ಎಳೆಯಬೇಕಾದವಳು ಅವಳು, ಕಚೇರಿಯ ಸರ್ವೇಯರು.

ಆ ಓಣಿಯ ಗುರುನಾಥ ಮಾಸ್ತರ ಮನೆಗೆ ಹೋದಾಗ ನಡುಮಧ್ಯಾಹ್ನ. ಪಡಸಾಲೆ ತಂಪಾಗಿ, ಕತ್ತಲಾಗಿ ಇತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲೊಂದು ಕಂಬದ ಹಾಗೆ ಇಳಿದು ನೆಲಕ್ಕೆ ಊರಿತ್ತು. ಅದರೊಳಗೆ ಧೂಳಿನ ಕಣಗಳು ಅವಸರವಿಲ್ಲದೆ ಏರುತ್ತ ಇಳಿಯುತ್ತ ಇದ್ದವು. ಟೇಪು ಹಿಡಿದುಕೊಂಡೇ ಅವಳು ಎಷ್ಟು ಹೊತ್ತು ನಿಂತಳೋ ಅವಳಿಗೇ ತಿಳಿಯಲಿಲ್ಲ.

"ಈ ಮಾಳಗಿ ಯಾರು ಹಾಕಿದ್ದು ಸರ್?"

"ನಮ್ಮಪ್ಪ ಹಾಕಿಸಿದ್ರು."

"ಹಾಕಿಸಿದೋರಲ್ಲರಿ, ಹಾಕಿದೋರು."

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಕೇರ್ಯಾಗ ಗಂಗಪ್ಪ ಅಂತ ಒಬ್ಬ ಇದ್ದ. ಗಂಡ ಹೆಂಡ್ತಿ ಕೂಡಿ ಈ ಓಣ್ಯಾಗಿನ ಎಲ್ಲಾ ಮಾಳಗಿ ಹಾಕ್ಯಾರ."

"ಅವರು ನಮ್ಮ ಮುತ್ಯಾ, ಆಯಿ ಸರ್."

ಮಾಸ್ತರು ಕನ್ನಡಕ ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ಸೊಸೆ ಮಂಜುಳಾಳನ್ನು ಕೂಗಿ ಚಹಾ ಇಡು ಎಂದರು.

ಅಳತೆಗೆಂದು ಮಾಳಿಗೆ ಹತ್ತಿದರೆ ಮನೆಯಿಂದ ಮನೆಗೆ ಮಣ್ಣು ಹಬ್ಬಿಕೊಂಡು ಹೋಗಿತ್ತು, ನಿಂತ ನೀರಿನ ಹಾಗೆ. ಓಣಿ ಎಲ್ಲಿ ಮುಗಿಯಿತೆಂದು ಮೇಲಿನಿಂದ ಗೊತ್ತೇ ಆಗುತ್ತಿರಲಿಲ್ಲ. ಬೇವಿನ ಮರ ದಾಟಿದ ಮೇಲೆ ಅವಳ ಕೇರಿಯ ಹನ್ನೊಂದು ಮನೆಗಳು. ಅವುಗಳ ತಲೆಯ ಮೇಲೂ ಅದೇ ಬಿಳಿಚಿದ ಮಣ್ಣು. ಅಧಿಕಾರಿಗಳು ಮರದ ಹತ್ತಿರ ಗೆರೆ ನಿಲ್ಲಿಸು ಎಂದಿದ್ದರು. ಅವಳು ಮನಸ್ಸಿನಲ್ಲೇ ಆ ಗೆರೆಯನ್ನು ಎತ್ತಿ ಮರದ ಆಚೆಗೆ, ಕೇರಿಯನ್ನೆಲ್ಲ ಬಳಸಿ ತಂದಳು. ಮನೆಗೆ ಹೋಗುವಾಗ ಕಾಲು ನೆಲಕ್ಕೆ ತಾಗಿದ್ದು ಗೊತ್ತಾಗಲಿಲ್ಲ.

ಅಜ್ಜಿ ಸೀತವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳ ಮಾತು ಪೂರ್ತಿ ಕೇಳಿ, "ಬ್ಯಾಡ" ಎಂದಳು.

"ಯಾಕ ಆಯಿ? ನಮ್ಮ ಮನೀನೂ ಅವರ ಮನಿಯಷ್ಟ ಹಳೇದಲ್ಲೇನು?"

"ಮಳಿಗಾಲದಾಗ ಸೋರೂ ಹನಿಗೆ ಬೋಗುಣಿ ಇಟ್ಟು ಎಣಿಸಿದಾಕಿ ನಾನು. ನಿಮ್ಮಣ್ಣ ಸಂದೀಪನ ಲಗ್ನ ಆಗಬೇಕು, ಮ್ಯಾಲೊಂದು ಖೋಲಿ ಬೇಕು, ಸ್ಲ್ಯಾಬು ಬೇಕು. ನೋಡಾವ್ರಿಗೆ ಚೆಂದ ಕಾಣಲಿ ಅಂತ ನಾವು ಹಿಂಗ ಇರಬೇಕೇನು?"

ಸಂಘಮಿತ್ರಾಳಿಗೆ ಸಿಟ್ಟು ಬಂತು. ಟೇಪನ್ನು ಚೀಲಕ್ಕೆ ತುರುಕಿದಳು. ಸೀತವ್ವ ಇನ್ನೊಂದು ಶೇಂಗಾ ಸುಲಿದು ಕೇಳಿದಳು, "ಮಾಸ್ತರ ಮನಿ ಒಳಗ ಹೆಂಗ ಐತಿ?"

"ನೀ ನೋಡಿಲ್ಲೇನು?"

"ಹಿತ್ತಲದಾಗ ನಿಚ್ಚಣಿಕಿ ಹಚ್ಚತಿದ್ರು. ಅಲ್ಲಿಂದ ಏರಿ ಅಲ್ಲಿಂದನ ಇಳೀತಿದ್ವಿ. ಬೆಳಕಿಂಡಿ ಸುತ್ತ ಮಣ್ಣ ಬಡದೇನಿ. ಕೆಳಗ ಬಗ್ಗಿ ನೋಡೂ ಧೈರ್ಯ ಆಗಲಿಲ್ಲ."

ಮರುದಿನ ಅದೇ ಹೊತ್ತಿಗೆ ಇಬ್ಬರೂ ಹೋದರು. ಹೊಸ್ತಿಲ ಮುಂದೆ ಸೀತವ್ವನ ಕಾಲು ತಾನಾಗಿಯೇ ನಿಂತಿತು. ಮಾಸ್ತರು ಎದ್ದು ಬಂದರು. "ಒಳಗ ಬರ್ರಿ, ಸೀತವ್ವ." ಆ 'ಬರ್ರಿ' ಕೇಳಿ ಅವಳು ಸುತ್ತ ನೋಡಿದಳು, ಬೇರೆ ಯಾರಿಗೋ ಅಂದರೇನೋ ಎಂಬಂತೆ. ಆಮೇಲೆ ಸೆರಗು ಸರಿಮಾಡಿಕೊಂಡು ಒಳಗೆ ಕಾಲಿಟ್ಟಳು.

ಬಿಸಿಲಿನ ಕಂಬ ನಿನ್ನೆಯ ಜಾಗದಲ್ಲೇ ಇತ್ತು. ಸೀತವ್ವ ಮೆಲ್ಲಗೆ ಹತ್ತಿರ ಹೋಗಿ ಅದರೊಳಗೆ ಅಂಗೈ ಚಾಚಿದಳು. ಬೆರಳುಗಳು ಕೆಂಪಗೆ ಹೊಳೆದವು. ಹೊರಗೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಸದ್ದು ಕೂಡ ಬೇರೆ ಯಾವುದೋ ಊರಿನದೆನ್ನಿಸಿತು. ಬಿಸಿಲು ಅವಳ ಅಂಗೈಯಿಂದ ಮಣಿಕಟ್ಟಿಗೆ ಸರಿಯುವವರೆಗೂ ಹಾಗೇ ನಿಂತಿದ್ದಳು.

ಆಮೇಲೆ ತಲೆಯೆತ್ತಿ ತೊಲೆಗಳನ್ನು ಒಂದೊಂದಾಗಿ ನೋಡುತ್ತ, "ಮಾಸ್ತರ್ರ, ಮೂಡಣ ಮೂಲಿ ಸೋರತೈತಿಲ್ಲೋ?" ಎಂದಳು.

"ನನಗ ತಿಳುವಳಿಕಿ ಬಂದಾಗಿಂದ ಸೋರತೈತಿ! ನಿಮಗ ಹೆಂಗ ಗೊತ್ತು?"

"ಅದನ್ನ ತುಳಿಯೂ ಹೊತ್ತಿಗೆ ಮಳಿ ಬಂತು. ಒಳಗ ಕರೀತಾರಂತ ದಾರಿ ನೋಡಿದ್ವಿ. ಯಾರೂ ಕರೀಲಿಲ್ಲ. ಅರ್ಧಕ್ಕ ಬಿಟ್ಟು ತೊಯ್ಸಿಕೋತ ಮನೀಗೆ ಹೋದ್ವಿ."

ಮಾಸ್ತರು ತಲೆ ತಗ್ಗಿಸಿದರು. ಮಂಜುಳಾ ಚಹಾ ತಂದಳು. ಸೀತವ್ವ ಪಡಸಾಲೆಯಲ್ಲಿ ಕುಳಿತು, ಆರಿಸಿ ಆರಿಸಿ, ಪೂರ್ತಿ ಕುಡಿದಳು.

ಸಂಘಮಿತ್ರಾ ಕೇರಿಯ ಹನ್ನೊಂದೂ ಮನೆಗೆ ಹೋಗಿ ಕೇಳಿದಳು. ಒಬ್ಬರಿಗೂ ನಿಯಮ ಬೇಡವಾಗಿತ್ತು. ಗೆರೆ ಬೇವಿನ ಮರದ ಹತ್ತಿರವೇ ನಿಂತಿತು. ಆದರೆ ಅಲ್ಲಿ ನಿಲ್ಲಲಿ ಎಂದವರು ಈ ಸಲ ಕೇರಿಯವರು. ಮಾಸ್ತರ ಮನೆಯ ವಿವರ ಬರೆಯುವಾಗ ಅವಳು ಕೊನೆಗೊಂದು ಸಾಲು ಸೇರಿಸಿದಳು: ಮಾಳಿಗೆ ಹಾಕಿದವರು, ಗಂಗಪ್ಪ ಮತ್ತು ಸೀತವ್ವ. ಹೀಗೇ ಇಡೀ ಓಣಿಗೆ ಬರೆದಳು. "ಹಿಂಗೊಂದು ಕಾಲಮ್ಮು ಇತ್ತೇನು?" ಎಂದು ಅಧಿಕಾರಿ ಕೇಳಿದರು. "ಇರಲಿಲ್ಲ ಸರ್, ಹಾಕೇನಿ" ಎಂದಳು. ಅವರು ಒಂದು ಕ್ಷಣ ನೋಡಿ ಸಹಿ ಮಾಡಿದರು.

ಬೇಸಿಗೆಗೆ ನಿಯಮ ಜಾರಿಗೆ ಬಂತು. ಮಳೆಗೆ ಮುಂಚೆ ಮಾಳಿಗೆ ಸರಿಮಾಡಿಸಬೇಕೆಂದು ಮಾಸ್ತರು ಮುನವಳ್ಳಿಯವರೆಗೂ ಹುಡುಕಿ ಬಂದರು. ಮಣ್ಣಿನ ಕೆಲಸ ಬಲ್ಲವರು ಒಬ್ಬರೂ ಸಿಗಲಿಲ್ಲ. ಕಡೆಗೆ ಒಂದು ಬೆಳಿಗ್ಗೆ ತಾವೇ ಬೇವಿನ ಮರ ದಾಟಿ ಕೇರಿಗೆ ಬಂದರು. ಸೀತವ್ವನ ಮನೆಗೆ ಸ್ಲ್ಯಾಬು ಹಾಕಿ ವಾರವಾಗಿತ್ತು. ಸಂದೀಪ ಅದರ ಮೇಲೆ ನೀರು ನಿಲ್ಲಿಸುತ್ತಿದ್ದ.

"ಕುಂದರ್ರಿ ಮಾಸ್ತರ್ರ" ಎಂದಳು ಸೀತವ್ವ. ಅವರು ಕುಳಿತು, ಬಂದ ಕಾರಣ ಹೇಳಿದರು.

"ನನ್ನ ಕಾಲಾಗ ಈಗ ಕಸುವಿಲ್ಲ. ಮಾಳಗಿಗೆ ಬೇಕಾದ ಸವಳು ಮಣ್ಣು ಎಲ್ಲಿ ಸಿಗತೈತಿ, ಎಷ್ಟು ನೀರು ಕುಡೀತೈತಿ, ನಾ ಹೇಳತೇನಿ. ತುಳಿಯೋರು ನೀವು."

ಮೂರು ದಿನ ಬಿಟ್ಟು ಸಂಘಮಿತ್ರಾ ಕಚೇರಿಗೆ ಹೋಗುವಾಗ ಓಣಿಯವರೆಲ್ಲ ಮೇಲೆ ನೋಡುತ್ತ ನಿಂತಿದ್ದರು. ಮಾಳಿಗೆಯ ಮೇಲೆ ಮಾಸ್ತರು ಧೋತರ ಮೇಲೆ ಕಟ್ಟಿ, ಮಂಜುಳಾ ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲತನಕ ಕೆಸರಾಗಿ ಮಣ್ಣು ತುಳಿಯುತ್ತಿದ್ದರು. ಸೀತವ್ವ ಅಲ್ಲೇ ಪಕ್ಕದಲ್ಲಿ ಕುರ್ಚಿಯ ಮೇಲೆ ಕೊಡೆ ಹಿಡಿದು ಕುಳಿತಿದ್ದಳು.

"ಸಾಕೇನ್ರಿ, ಸೀತವ್ವ?" ಮಾಸ್ತರು ಏದುಸಿರು ಬಿಡುತ್ತ ಕೇಳಿದರು.

"ಸಾಕಾದಾಗ ನಾ ಹೇಳತೇನಿ. ತುಳೀರಿ."