ಇಸ್ತ್ರಿ ಹಾಕಿದ ಬೆಳಕು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನಕ್ಷತ್ರದಿಂದ ಶುರು ಮಾಡಿದರೆ ವಿಜ್ಞಾನದ ಪಾಠವೆಂದು ಆಕಳಿಸುತ್ತೀರಿ. ಅವಳ ಒಂಟಿತನದಿಂದ ಶುರು ಮಾಡಿದರೆ, ಮತ್ತದೇ ಗೋಳು ಎಂದು ಮೂಗು ಮುರಿಯುತ್ತೀರಿ. ಮಧ್ಯಾಹ್ನ ಮೂರೂಕಾಲಿನಿಂದ ಶುರು ಮಾಡೋಣ. ಗಡಿಯಾರದ ಬಗ್ಗೆ ಯಾರದೂ ತಕರಾರಿರುವುದಿಲ್ಲ.

೨
ಮೂರೂಕಾಲು. ಸಂಶೋಧನಾಲಯದ ಎರಡನೇ ಮಹಡಿ, ಕಾರಿಡಾರಿನ ಕೊನೆಯ ಕೋಣೆ. ಸ್ಕ್ರೀನಿಗೆ ಬಿಸಿಲು ಹೊಡೆಯದಿರಲೆಂದು ಕಿಟಕಿಗೆ ರಟ್ಟು ಅಂಟಿಸಿದ್ದಾಳೆ. ಸಹೋದ್ಯೋಗಿಗಳು ಅವಳನ್ನು ಕರೆಯುವುದು ಇಸ್ತ್ರಿ ಮೇಡಂ ಎಂದು. ಉಪಗ್ರಹ ಅಳೆದು ಕಳಿಸುವ ನಕ್ಷತ್ರದ ಬೆಳಕು ಸ್ಕ್ರೀನಿನ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಮೊದಲಿಗೆ ಅದು ಮುದುಡಿದ ಬಟ್ಟೆಯ ಹಾಗಿರುತ್ತದೆ. ನಕ್ಷತ್ರದ ಕಲೆಗಳು, ಉಪಗ್ರಹದ ನಡುಕ, ಎಲ್ಲಿಂದಲೋ ಸೋರಿದ ಭೂಮಿಯ ಬೆಳಕು, ಹೀಗೆ ನೂರೆಂಟು ಸುಕ್ಕು. ಅವನ್ನು ತೆಗೆದು ಗೆರೆಯನ್ನು ಸಪಾಟು ಮಾಡುವುದಕ್ಕೆ ಅಲ್ಲಿ ಇಸ್ತ್ರಿ ಹಾಕುವುದು ಎನ್ನುತ್ತಾರೆ. ಆ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಸಪಾಟಾದ ಗೆರೆಯಲ್ಲಿ ಸಮನಾದ ಅಂತರಕ್ಕೆ ಸಣ್ಣ ಇಳಿತಗಳು ಕಂಡರೆ, ನಕ್ಷತ್ರದ ಮುಂದೆ ಒಂದು ಗ್ರಹ ಹಾದುಹೋಗುತ್ತಿದೆ ಎಂದರ್ಥ. (ಗ್ರಹ ಕಾಣುವುದಿಲ್ಲ, ಕಡಿಮೆಯಾದ ಬೆಳಕಷ್ಟೇ ಕಾಣುತ್ತದೆ. ಇಲ್ಲೊಂದು ಉಪಮೆ ಹಾಕಲು ಕೈ ತುರಿಸಿತು, ತಡೆದುಕೊಂಡೆ.)

೩
ಅವಳ ನಕ್ಷತ್ರ ಹತ್ತಿರದ್ದು. ಹತ್ತಿರವೆಂದರೆ ಅದರ ಬೆಳಕು ಇಲ್ಲಿಗೆ ಬರಲು ನಲವತ್ತು ವರ್ಷ; ಅವಳ ವಯಸ್ಸೂ ಅಷ್ಟೇ. ಉಪಗ್ರಹ ಅದನ್ನು ನೋಡತೊಡಗಿದ ಎರಡನೇ ದಿನ ಒಂದು ಇಳಿತ, ಹದಿಮೂರನೇ ದಿನ ಇನ್ನೊಂದು, ಭೂಮಿಗಿಂತ ತುಸು ದೊಡ್ಡ ಗ್ರಹಕ್ಕೆ ಹೊಂದುವಂಥವು. ಇಪ್ಪತ್ತನಾಲ್ಕನೇ ದಿನ ಮೂರನೆಯದು ಬರಬೇಕಿತ್ತು. ಕಂಡಿಲ್ಲ. ತಂಡದ ಮುಖ್ಯಸ್ಥರಾದ ಮೇಷ್ಟ್ರದು ಒಂದೇ ಕಟ್ಟಪ್ಪಣೆ: ಮೂರು ಇಳಿತ ತೋರಿಸದಿದ್ದರೆ ನಾಲ್ಕು ಗಂಟೆಯ ಮೀಟಿಂಗಿನಲ್ಲಿ ಆ ನಕ್ಷತ್ರ ಪಟ್ಟಿಯಿಂದ ಔಟ್. ಗ್ರಹವನ್ನು ಖಚಿತಪಡಿಸಬೇಕಾದ ದೊಡ್ಡ ದೂರದರ್ಶಕ ಬೇರೆ ಕಡೆ ತಿರುಗುತ್ತದೆ. ಅವಳ ಮೂರು ವರ್ಷದ ಕೆಲಸ ನೀರುಪಾಲಾಗುತ್ತದೆ.

೪ (ಕೈಬಿಟ್ಟ ಕರಡು)
ಗೆರೆಗೆ ಇಸ್ತ್ರಿ ಹಾಕುತ್ತಿದ್ದ ದಿನವೇ ಅವಳಿಗೆ ತಾಯಿ ತೀರಿಕೊಂಡ ಸುದ್ದಿ ಬಂದಿತ್ತು. ಮಂಜಾದ ಕಣ್ಣುಗಳಿಂದ ಅವಳು…

"ನಿಲ್ಸಿ," ಎಂದು ಅವಳೇ ನನ್ನ ಬರಹವನ್ನು ತಡೆದಳು. "ನಮ್ಮಮ್ಮ ಹೋಗಿ ಹತ್ತು ವರ್ಷ ಆಯ್ತು. ಇನ್ನೆಷ್ಟು ಸಲ ಸಾಯಿಸ್ತೀರಿ?"

"ಮೂರನೇದು ಕಾಣದೆ ಇರೋದಕ್ಕೆ ಒಂದು ಕಾರಣ ಬೇಕಲ್ಲ, ಮೇಡಂ."

"ನನ್ನ ಕೆಲಸದಲ್ಲಿ ತಪ್ಪು ಹುಡುಕ್ಬೇಡಿ. ಎಲ್ಲಾ ನೀಟಾಗೇ ಮಾಡಿದೀನಿ. ಕೊನೇ ಅರ್ಧ ದಿನ ಮಾತ್ರ ವಿಪರೀತ ಸುಕ್ಕಿತ್ತು, ಇಸ್ತ್ರಿ ಕೂರ್ಲೇ ಇಲ್ಲ. ಕತ್ತರಿಸಿ ಬಿಸಾಕಿದೆ. ನೋಡಕ್ಕೆ ಚೆನ್ನಾಗಿರ್ಲಿ ಅಂತ, ಅಷ್ಟೇ."

ಅಷ್ಟೇ ಎಂದವಳು ನಾಲಿಗೆ ಕಚ್ಚಿಕೊಂಡಳು. ಬಿಸಾಕಿದ್ದು ಇಪ್ಪತ್ತನಾಲ್ಕನೇ ದಿನದ ಅರ್ಧವನ್ನೇ.

೫
ಮೂಲ ಫೈಲು ತೆರೆದಳು. ಇಸ್ತ್ರಿ ಮುಟ್ಟಿಸದೆ ನೋಡಿದಳು. ಬೆಳಕು ಇಳಿದಿದೆ, ಇಳಿಯಬೇಕಾದ ಹೊತ್ತಿಗೇ. ಅಲ್ಲಿಗೆ ಗೆರೆ ಮುಗಿದುಹೋಗಿದೆ. ಮಾಹಿತಿ ರವಾನಿಸಲೆಂದು ಉಪಗ್ರಹ ಸರಿಯಾಗಿ ಆಗಲೇ ಭೂಮಿಯ ಕಡೆ ತಿರುಗಿಬಿಟ್ಟಿದೆ. ಇಳಿದದ್ದಿದೆ, ಮತ್ತೆ ಏರಿದ್ದಿಲ್ಲ. ಗ್ರಹವೂ ಇರಬಹುದು, ಬರೀ ಸುಕ್ಕೂ ಇರಬಹುದು.

ಆದರೂ ಯಾರಿಗಾದರೂ ಹೇಳಬೇಕು. ಫೋನೆತ್ತಿಕೊಂಡು ಹೆಸರುಗಳ ಮೇಲೆ ಬೆರಳಾಡಿಸಿದಳು, ಕೆಳಗಿಟ್ಟಳು. ಅವಳಿಗೆ ಯಾರೂ ಇರಲಿಲ್ಲ. (ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಯಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.)

"ಯಾರೂ ಇರಲಿಲ್ಲ ಅಂತ ಎಷ್ಟು ಸಲೀಸಾಗಿ ಬರೆದ್ಬಿಟ್ರಿ! ಮೊದಲ್ನೇ ಕರಡಲ್ಲಿ ನಂಗೊಬ್ಬಳು ತಂಗಿ ಇದ್ಲಲ್ಲ. ಎಲ್ಲಿ ಅವಳು?"

ಸಿಕ್ಕಿಬಿದ್ದೆ. "ಕಥೆ ಎಳೆದ ಹಾಗಾಗ್ತಿತ್ತು. ತೆಗೆದೆ."

"ನೋಡಕ್ಕೆ ಚೆನ್ನಾಗಿರ್ಲಿ ಅಂತ?"



೬
ಸಮಾಧಾನಕ್ಕೆಂದು ಎರಡು ಮುಕ್ತಾಯ ಮುಂದಿಟ್ಟೆ. ಅ) ಮೇಷ್ಟ್ರು ಬೆನ್ನು ತಟ್ಟುತ್ತಾರೆ, ಎಲ್ಲರೂ ಚಪ್ಪಾಳೆ. (ನನಗೇ ನಾಚಿಕೆಯಾಯಿತು.) ಆ) ಮೇಷ್ಟ್ರು ನಕ್ಷತ್ರವನ್ನು ಪಟ್ಟಿಯಿಂದ ಹೊಡೆದುಹಾಕುತ್ತಾರೆ, ಅವಳು ಕಿಟಕಿಯ ರಟ್ಟು ಕಿತ್ತು ಆಕಾಶ ನೋಡುತ್ತಾಳೆ.

"ಹಗಲಲ್ಲಿ ಆಕಾಶದಲ್ಲಿ ಏನು ನೋಡ್ಲಿ, ನಿಮ್ಮ ತಲೆ! ಮೇಷ್ಟ್ರನ್ನ ನಾನು ನೋಡ್ಕೋತೀನಿ. ನೀವು ನನ್ನ ತಂಗೀನ ವಾಪಸ್ ಕೊಡಿ."

ಹಳೆಯ ಕರಡುಗಳನ್ನೆಲ್ಲ ಜಾಲಾಡಿದೆ. ಹರಿದ ಒಂದು ಹಾಳೆಯ ಕೊನೆಯಲ್ಲಿ ತಂಗಿ ಫೋನಿನಲ್ಲಿ ಹೇಳುತ್ತಿದ್ದಳು: "ಹೇಳೇ ಅಕ್ಕ, ನಾನೂ ನಿಂಗೆ ಫೋನ್ ಮಾಡೋಣ ಅಂತಾನೇ…" ಮುಂದಿನ ಹಾಳೆ ಇಲ್ಲ.

"ಉಳಿದಿದ್ದನ್ನ ಈಗಲೇ ಬರೆದುಕೊಡ್ಲಾ?"

"ಬೇಡ. ಇಲ್ಲದ್ದನ್ನ ಸೇರಿಸ್ಬೇಡಿ. ಇದ್ದಷ್ಟು ಕೊಡಿ."

ಕೊಟ್ಟೆ.

೭
ನಾಲ್ಕು ಗಂಟೆ, ಮೀಟಿಂಗ್ ಕೋಣೆ. ಸುಕ್ಕುಸುಕ್ಕಾದ ಗೆರೆಯನ್ನು ಅವಳು ಹಾಗೇ ಪರದೆಗೆ ಹಾಕಿದಳು. ಯಾರೋ ಕಿಸಕ್ಕನೆ ನಕ್ಕರು.

"ಏನಮ್ಮಾ, ಇವತ್ತು ಇಸ್ತ್ರಿ ಹಾಕ್ಲಿಲ್ವಾ?" ಎಂದರು ಮೇಷ್ಟ್ರು.

"ಇಲ್ಲ ಸರ್. ಹಾಕಿದ್ದೇ ತಪ್ಪಾಗಿತ್ತು. ಮೂರನೇದು ಇಳಿದಿದೆ. ಏರಿದ್ದು ನಾವು ನೋಡಿಲ್ಲ."

ಮೇಷ್ಟ್ರ ಪೆನ್ನು ಪಟ್ಟಿಯ ಮೇಲೆ ಬಂದು ನಿಂತಿತು. ಇನ್ನೂ ನಿಂತೇ ಇದೆ. ಅವಳು ಪೆನ್ನಿನ ಕಡೆ ನೋಡುತ್ತಿಲ್ಲ. ಮೇಜಿನ ಕೆಳಗೆ ತಂಗಿಗೆ ಮೆಸೇಜು ಒತ್ತುತ್ತಿದ್ದಾಳೆ: "ಅವತ್ತು ಫೋನ್ ಮಾಡೋಣ ಅಂತಿದ್ದೆಯಲ್ಲ, ಏನು ಹೇಳಕ್ಕಿತ್ತೇ?"

ಉತ್ತರ ಬರೆಯಬೇಕಾದವನು ನಾನೇ ಎಂದು ನಿಮಗೂ ಗೊತ್ತು, ಅವಳಿಗೂ ಗೊತ್ತು. ಅವಳು ಫೋನು ಹಿಡಿದು ಕಾಯುತ್ತಿದ್ದಾಳೆ. ಆ ತಂಗಿ ಏನು ಹೇಳುವವಳಿದ್ದಳೆಂದು ನನಗೆ ನೆನಪಿಲ್ಲ.